ಟಲ್ಲಿ ಬ್ಯಾಂಡ್ ನಿಂತಿದ್ದು ನಶೆಯಿಂದಲ್ಲ

ಹಳೇ ರಾಕ್ ಸಂಗೀತದ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಒಂದೇ ಹೆಸರು ಮತ್ತೆ ಮತ್ತೆ ಕಾಣಿಸುತ್ತಿದೆ. ಸಿಡ್ನಿಯ ‘ಟಲ್ಲಿ’. 1968ರಿಂದ 1972ರವರೆಗೆ ಇದ್ದ ಬ್ಯಾಂಡ್. ನಾಲ್ಕು ವರ್ಷ, ಮೂರು ಆಲ್ಬಮ್, ಅಷ್ಟೇ. ಇಷ್ಟು ಕಡಿಮೆ ಕಾಲ ಬಾಳಿದ ಬ್ಯಾಂಡಿನ ಬಗ್ಗೆ ಕನ್ನಡದಲ್ಲಿ ಜನ ಕೇಳುತ್ತಾರಲ್ಲ ಅಂತ ನನಗೆ ಖುಷಿಯೇ. ಆದರೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಅದೂ ಸುಳ್ಳಿನ ಮೇಲೆ ಕೂತ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಅದಕ್ಕೇ ಈ ಸಲದ ಅಂಕಣದ ಹೆಚ್ಚಿನ ಜಾಗ ಅದಕ್ಕೇ ಹೋಗುತ್ತದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪ್ರೋಗ್ರೆಸಿವ್ ರಾಕ್ ಅಂದರೆ ಏನು, ಮೊದಲಿನಿಂದ ಹೇಳಿ. (ತುಮಕೂರಿನ ಓದುಗರು)

ಕೇಳಿ. ಹೇಳಿಸಿಕೊಂಡು ಅರ್ಥ ಮಾಡಿಕೊಳ್ಳುವ ವಿಷಯ ಅಲ್ಲ ಅದು.

ಪ್ರಶ್ನೆ: ಎಸಿ/ಡಿಸಿ ಬ್ಯಾಂಡಿನ ಬಾನ್ ಸ್ಕಾಟ್ ಮೊದಲು ಟಲ್ಲಿಯಲ್ಲಿ ಹಾಡುತ್ತಿದ್ದನಂತೆ ಹೌದಾ? (ದಾವಣಗೆರೆ)

ಇಲ್ಲ. ಅವನು ಇದ್ದದ್ದು ಅಡಿಲೇಡಿನ ‘ಫ್ರೆಟರ್ನಿಟಿ’ಯಲ್ಲಿ.

ಪ್ರಶ್ನೆ: ಟಲ್ಲಿ ಬ್ಯಾಂಡಿನವರು ಎಲ್‌ಎಸ್‌ಡಿ ಚಟಕ್ಕೆ ಬಿದ್ದರು, ಆಮೇಲೆ ನಮ್ಮ ದೇಶದ ಯಾರೋ ಬಾಬಾ ಅವರ ತಲೆ ಕೆಡಿಸಿದರು, ಬ್ಯಾಂಡ್ ಮುಳುಗಿತು ಎಂದು ಒಂದು ವಿಡಿಯೋದಲ್ಲಿ ನೋಡಿದೆ. ನಿಜವೇ? (ಹುಬ್ಬಳ್ಳಿ, ಮೈಸೂರು, ದುಬೈ ಮತ್ತು ಇನ್ನೂ ಹಲವರು)

ಇಲ್ಲ. ಆ ವಿಡಿಯೋ ನಾನೂ ನೋಡಿದೆ. ಮಾಡಿದವರು ಒಂದು ಆಲ್ಬಮನ್ನೂ ಪೂರ್ತಿ ಕೇಳಿದ ಹಾಗಿಲ್ಲ. ಅರವತ್ತರ ದಶಕ, ಬಣ್ಣದ ಬೆಳಕು, ಉದ್ದ ಕೂದಲು ಕಂಡರೆ ಸಾಕು, ಡ್ರಗ್ಸ್ ಕಥೆ ಅಂಟಿಸಿಬಿಡುತ್ತಾರೆ. ‘ಬಾಬಾ’ ಎಂಬ ಹೆಸರು ಸಿಕ್ಕಿದರೆ ಮೋಸದ ಕಥೆಯನ್ನೂ ಸೇರಿಸುತ್ತಾರೆ. ಈ ಎರಡು ಕಥೆ ಒಂದಕ್ಕೊಂದು ಕೂಡುವುದೇ ಇಲ್ಲ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ.

ಆ ಬಾಬಾ ಯಾರು ಅಂತ ಮೊದಲು ತಿಳಿದುಕೊಳ್ಳಿ. ಮೆಹರ್ ಬಾಬಾ. 1894ರಲ್ಲಿ ಪುಣೆಯಲ್ಲಿ ಹುಟ್ಟಿದವರು. 1925ರ ಜುಲೈ 10ರಂದು ಮೌನ ಹಿಡಿದವರು 1969ರ ಜನವರಿ 31ರಂದು ತೀರಿಕೊಳ್ಳುವವರೆಗೆ ಬಾಯಿ ಬಿಡಲಿಲ್ಲ. ಮೊದಲು ಅಕ್ಷರದ ಹಲಗೆಯ ಮೇಲೆ ಬೆರಳಿಟ್ಟು ಮಾತಾಡುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟು ಕೈಸನ್ನೆಯಲ್ಲಿ. ಎಲ್‌ಎಸ್‌ಡಿ ತಗೊಂಡರೆ ದೇವರು ಕಾಣುತ್ತಾನೆ ಎಂದು ಅಮೆರಿಕದಲ್ಲಿ ದೊಡ್ಡ ದೊಡ್ಡವರೇ ಹೇಳುತ್ತಿದ್ದ ಕಾಲದಲ್ಲಿ ಅದನ್ನು ನೇರವಾಗಿ ವಿರೋಧಿಸಿದವರು ಇವರು. ‘ಗುಳಿಗೆಯಲ್ಲಿ ದೇವರೇ?’ ಎಂಬ ಅರ್ಥದ ಹೆಸರಿನಲ್ಲಿ 1966ರಲ್ಲಿ ಅವರ ಮಾತುಗಳ ಪುಟ್ಟ ಪುಸ್ತಕವೇ ಬಂತು. ಆ ಡ್ರಗ್ಸ್ ದೇಹಕ್ಕೂ ಮನಸ್ಸಿಗೂ ಆತ್ಮಕ್ಕೂ ಕೆಡುಕು ಎಂಬುದು ಅವರ ನಿಲುವು. ಟಲ್ಲಿಯವರು ಭಕ್ತರಾದದ್ದು ಇವರಿಗೆ. ಈಗ ಹೇಳಿ, ಆ ವಿಡಿಯೋದ ಕಥೆ ನಿಲ್ಲುತ್ತದಾ?

ಇನ್ನು ‘ಭಾರತದ ಬಾಬಾ ಸಿಡ್ನಿಗೆ ಹೇಗೆ ಹೋದರು’ ಎಂದು ಅನುಮಾನದಿಂದ ಕೇಳುವವರಿದ್ದಾರೆ. ಹಿಪ್ಪಿಗಳ ಗಾಳಿಯಲ್ಲಿ ತೇಲಿಕೊಂಡು ಹೋದದ್ದಲ್ಲ. ಅದಕ್ಕೂ ಬಹಳ ಮೊದಲೇ ಅಲ್ಲಿ ಅವರ ಶಿಷ್ಯರಿದ್ದರು. ಫ್ರಾನ್ಸಿಸ್ ಬ್ರಾಬಜಾನ್ ಎಂಬ ಆಸ್ಟ್ರೇಲಿಯದ ಕವಿ ಸಿಡ್ನಿಯ ಬೀಕನ್ ಹಿಲ್‌ನಲ್ಲಿ ಬಾಬಾ ಹೆಸರಿನಲ್ಲಿ ಮನೆ ಕಟ್ಟಿಸಿದ್ದರು. 1956ರಲ್ಲಿ ಬಾಬಾ ಅಲ್ಲಿ ಉಳಿದುಕೊಂಡಿದ್ದರು. 1958ರಲ್ಲಿ ಇನ್ನೊಮ್ಮೆ ಹೋಗಿ ಕ್ವೀನ್ಸ್‌ಲ್ಯಾಂಡಿನ ವೂಂಬೈ ಬಳಿಯ ಆಶ್ರಮದಲ್ಲಿ ತಂಗಿದರು. ಟಲ್ಲಿ ಹುಟ್ಟುವ ಹತ್ತು ವರ್ಷ ಮೊದಲಿನ ಮಾತು ಇದು. ಇಂಗ್ಲೆಂಡಿನ ‘ದಿ ಹೂ’ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಕೂಡ ಇದೇ ಬಾಬಾರ ಭಕ್ತ. ಅವರ ಬಗ್ಗೆ ಮಾತ್ರ ಯಾರೂ ‘ತಲೆ ಕೆಟ್ಟಿತು’ ಅನ್ನುವುದಿಲ್ಲ. ಹಾಡುಗಳು ಗೆದ್ದವಲ್ಲ, ಅದಕ್ಕೆ.

ಸರಿ, ಹಾಗಾದರೆ ನಡೆದದ್ದೇನು?

‘ಲೆವಿ ಸ್ಮಿತ್ಸ್ ಕ್ಲೆಫ್ಸ್’ ಎಂಬ ಬ್ಯಾಂಡ್ ಇತ್ತು, ಅಮೆರಿಕದ ಕಪ್ಪು ಜನರ ‘ಸೋಲ್’ ಸಂಗೀತ ನುಡಿಸುತ್ತಿತ್ತು. ಅದರಿಂದ ಹೊರಬಂದ ಕೆಲವರೂ ಬೇರೆಯವರೂ ಸೇರಿ 1968ರಲ್ಲಿ ಟಲ್ಲಿ ಕಟ್ಟಿದರು. ಆರ್ಗನ್‌ಗೆ ಮೈಕಲ್ ಕಾರ್ಲೋಸ್, ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗೆ ರಿಚರ್ಡ್ ಲಾಕ್‌ವುಡ್, ಬೇಸ್‌ಗೆ ಜಾನ್ ಬ್ಲೇಕ್, ಡ್ರಮ್ಸ್‌ಗೆ ರಾಬರ್ಟ್ ಟೇಲರ್, ಹಾಡಲು ಟೆರಿ ವಿಲ್ಸನ್. ಕೊನೆಯವರೆಗೂ ಇದ್ದವರು ಕಾರ್ಲೋಸ್ ಮತ್ತು ಲಾಕ್‌ವುಡ್. ಸಿಡ್ನಿಯ ‘ಉಬು’ ಎಂಬ ಪ್ರಯೋಗಶೀಲ ಸಿನಿಮಾ ಗುಂಪಿನವರು ಇವರ ಕಾರ್ಯಕ್ರಮಕ್ಕೆ ಬೆಳಕು ಕೊಡುತ್ತಿದ್ದರು. ಆ ಕಾಲದ ಲೈಟ್ ಶೋ ಅಂದರೆ ಇವತ್ತಿನ ಹಾಗೆ ಬಟನ್ ಒತ್ತುವುದಲ್ಲ. ಎರಡು ಗಾಜಿನ ತಟ್ಟೆ, ನಡುವೆ ಎಣ್ಣೆ, ನೀರು, ಬಣ್ಣ. ಪ್ರೊಜೆಕ್ಟರ್ ಬಿಸಿಗೆ ಎಣ್ಣೆ ಗುಳ್ಳೆ ಏಳುತ್ತದೆ. ಒಬ್ಬ ಕೈಯಲ್ಲಿ ತಟ್ಟೆ ಅದುಮುತ್ತಾ ತಾಳಕ್ಕೆ ತಕ್ಕಂತೆ ಆ ಗುಳ್ಳೆಗಳನ್ನು ಗೋಡೆ ತುಂಬಾ ಕುಣಿಸುತ್ತಾನೆ. ಎಷ್ಟು ನಾಜೂಕಿನ ಕೆಲಸ ಅದು! ಫೋಟೋದಲ್ಲಿ ಅದನ್ನು ನೋಡಿ ‘ನಶೆ’ ಅನ್ನುವುದು ಆ ಕೈಕೆಲಸಕ್ಕೆ ಮಾಡುವ ಅವಮಾನ.

ಎರಡೇ ವರ್ಷದಲ್ಲಿ ಇವರು ಮಾಡಿದ್ದನ್ನು ನೋಡಿ. 1969ರ ಜೂನ್‌ನಲ್ಲಿ ಸಿಡ್ನಿಯ ಕಿಂಗ್ಸ್ ಕ್ರಾಸ್‌ನಲ್ಲಿದ್ದ ಮೆಟ್ರೋ ಥಿಯೇಟರಿನಲ್ಲಿ ‘ಹೇರ್’ ಎಂಬ ರಾಕ್ ಸಂಗೀತ ನಾಟಕ ಶುರುವಾದಾಗ ವೇದಿಕೆಯ ಬ್ಯಾಂಡ್ ಇವರೇ. 1970ರ ಜನವರಿಯಲ್ಲಿ ಔರಿಂಬಾದ ಬಯಲಿನಲ್ಲಿ ನಡೆದದ್ದು ಆಸ್ಟ್ರೇಲಿಯದ ಮೊದಲ ದೊಡ್ಡ ರಾಕ್ ಉತ್ಸವ. ಅಲ್ಲೂ ಇವರಿದ್ದರು. ಮರುತಿಂಗಳೇ ಸಿಡ್ನಿ ಟೌನ್ ಹಾಲ್‌ನಲ್ಲಿ ಸಿಡ್ನಿ ಸಿಂಫನಿ ಆರ್ಕೆಸ್ಟ್ರಾ ಜೊತೆ ಕೂತರು. ಪೀಟರ್ ಸ್ಕಲ್‌ಥೋರ್ಪ್ ಬರೆದ ‘ಲವ್ 200’ ಅದು. ಜೇಮ್ಸ್ ಕುಕ್ ಶುಕ್ರ ಸಂಕ್ರಮಣ ನೋಡಲು ಟಹೀಟಿಗೆ ಹೋಗಿ 200 ವರ್ಷ ಆದ ನೆನಪಿಗೆ ಮಾಡಿದ್ದು. ಗಾಯಕಿ ಜೀನಿ ಲೂಯಿಸ್, ಆರ್ಕೆಸ್ಟ್ರಾ ನಡೆಸಿದವರು ಜಾನ್ ಹಾಪ್ಕಿನ್ಸ್. ಆರ್ಕೆಸ್ಟ್ರಾದವರಿಗೆ ಎದುರಿಗೆ ಬರೆದಿಟ್ಟ ಸ್ವರಗಳು ಬೇಕು, ರಾಕ್‌ನವರಿಗೆ ಮನೋಧರ್ಮಕ್ಕೆ ಜಾಗ ಬೇಕು. ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ನಿಭಾಯಿಸುವುದು ಸುಮ್ನೆ ಆಗುವ ಕೆಲಸವಲ್ಲ. ನಶೆಯಲ್ಲಿ ತೂರಾಡುವವರಿಂದ ಆಗುತ್ತದಾ ಅಂತ ನೀವೇ ಯೋಚಿಸಿ.

ತಿರುವು ಬಂದದ್ದು 1970ರಲ್ಲಿ. ಜುಲೈನಲ್ಲಿ ಬ್ಯಾಂಡಿನ ಹೆಸರಿನದೇ ಮೊದಲ ಆಲ್ಬಮ್ ಬಂತು. ವಿಲ್ಸನ್ ಹೋದರು, ಡ್ರಮ್ಸ್‌ನ ಟೇಲರ್ ಹೋದರು. ಅವರ ಜಾಗಕ್ಕೆ ಬೇರೊಬ್ಬ ಜೋರು ಡ್ರಮ್ಮರನ್ನು ತರಲಿಲ್ಲ. ‘ಎಕ್ಸ್‌ಟ್ರಡಿಷನ್’ ಎಂಬ ಮೆಲುದನಿಯ ಜಾನಪದ ಬ್ಯಾಂಡಿನ ಕಾಲಿನ್ ಕ್ಯಾಂಬೆಲ್ ಮತ್ತು ಗಾಯಕಿ ಶೇನಾ ಸ್ಟೀವರ್ಟ್ ಬಂದು ಸೇರಿಕೊಂಡರು. ಅವರೂ ಮೆಹರ್ ಬಾಬಾ ಭಕ್ತರೇ. ಎಕ್ಸ್‌ಟ್ರಡಿಷನ್‌ನ ‘ಹಶ್’ ಆಲ್ಬಮ್ 1971ರದು. ಹೆಸರಿನ ಅರ್ಥವೇ ‘ಸದ್ದು ಮಾಡಬೇಡಿ’ ಅಂತ. ಅದರಲ್ಲಿ ‘ಒರಿಜಿನಲ್ ವಿಮ್’, ಅಂದರೆ ‘ಮೊದಲ ಲಹರಿ’, ಅಂತ ಒಂದು ಹಾಡಿದೆ. ಇದನ್ನು ‘ಮೊದಲ ಹುಚ್ಚಾಟ’ ಎಂದು ಯಾರೋ ಕನ್ನಡ ಮಾಡಿದ್ದು ಕಂಡು ನನಗೆ ಸಂಕಟವಾಯಿತು. ದೇವರಿಗೆ ‘ನಾನು ಯಾರು’ ಎಂದು ತಿಳಿಯುವ ಲಹರಿ ಬಂತು, ಅದರಿಂದಲೇ ಸೃಷ್ಟಿ ಆಯಿತು ಅನ್ನುವುದು ಮೆಹರ್ ಬಾಬಾರ ಮುಖ್ಯ ವಿಚಾರ. ಅದಕ್ಕೆ ಅವರು ಬಳಸಿದ ಮಾತೂ ‘ಲಹರ್’ ಎಂದೇ. ನಮ್ಮ ‘ಲಹರಿ’ಗೆ ಇದಕ್ಕಿಂತ ಹತ್ತಿರದ ಮಾತು ಬೇಕಾ?

ಆಮೇಲಿನ ಟಲ್ಲಿ ಕೇಳಬೇಕಾದರೆ 1971ರ ‘ಸೀ ಆಫ್ ಜಾಯ್’ ಹಾಕಿ. ಪಾಲ್ ವಿಟ್ಜಿಗ್ ಮಾಡಿದ ಸರ್ಫಿಂಗ್ ಸಿನಿಮಾದ ಸಂಗೀತ ಅದು. ಸರ್ಫಿಂಗ್ ಅಂದರೆ ಗಿಟಾರ್ ಅಬ್ಬರ ಇರುತ್ತದೆ ಅಂತ ಕಾಯುತ್ತೀರಿ. ಮೊದಲ ಸಲ ನಾನೂ ಹಾಗೇ ಕಾದು ಕೂತಿದ್ದೆ. ಡ್ರಮ್ ಈಗ ಬರುತ್ತೆ, ಈಗ ಬರುತ್ತೆ ಅಂತ. ಬರಲೇ ಇಲ್ಲ. ಸ್ಟೀವರ್ಟ್ ಅವರ ದನಿ, ಅದರ ಕೆಳಗೆ ಆರ್ಗನ್ನಿನ ಎಳೆ, ಬದಿಯಲ್ಲಿ ಲಾಕ್‌ವುಡ್ ಕೊಳಲು. ಎದ್ದು ಫ್ಯಾನ್ ಆಫ್ ಮಾಡಿ ಮತ್ತೆ ಮೊದಲಿನಿಂದ ಹಾಕಿದೆ. ಆಗ ಗೊತ್ತಾಯಿತು, ಡ್ರಮ್ ಬಿಟ್ಟುಹೋಗಿಲ್ಲ, ಬೇಡ ಅಂತಲೇ ಬಿಟ್ಟಿದ್ದಾರೆ. 43 ವರ್ಷಕ್ಕೂ ಹೆಚ್ಚು ಕಾಲ ಮೌನ ಹಿಡಿದವರನ್ನು ನಂಬಿದ ಜನ ತಮ್ಮ ಸಂಗೀತದಲ್ಲೂ ಸದ್ದು ಕಡಿಮೆ ಮಾಡುತ್ತಾ ಹೋದರು. ನಾನು ಓದಿ ಹೇಳುವ ಮಾತಲ್ಲ, ಮೂರೂ ಆಲ್ಬಮ್ ಸಾಲಾಗಿ ಕೇಳಿ ಬಂದ ಅಭಿಪ್ರಾಯ. ಒಪ್ಪದವರು ಮೂರನ್ನೂ ಸಾಲಾಗಿ ಕೇಳಿ ಆಮೇಲೆ ಬರೆಯಿರಿ.

ಆದರೆ ಕಾಲ ಬೇರೆ ಕಡೆ ಓಡುತ್ತಿತ್ತು. ಆಸ್ಟ್ರೇಲಿಯದ ರಾಕ್ ಪಬ್‌ಗಳಿಗೆ ನುಗ್ಗುತ್ತಿತ್ತು. 1972ರ ಜನವರಿಯಲ್ಲಿ ಮೆಲ್ಬರ್ನ್ ಹತ್ತಿರ ಸನ್‌ಬರಿ ಉತ್ಸವ ಶುರುವಾಯಿತು. ಅಲ್ಲಿ ಗೆದ್ದದ್ದು ಬಿಲ್ಲಿ ಥೋರ್ಪ್. ಕಿವಿ ತೂತಾಗುವ ಸದ್ದೇ ಅವರ ಹೆಗ್ಗಳಿಕೆ. ಅದೇ ವರ್ಷ ಟಲ್ಲಿಯ ಕೊನೆಯ ಆಲ್ಬಮ್ ‘ಲವಿಂಗ್ ಈಸ್ ಹಾರ್ಡ್’ ಬಂತು. ಬಿಯರ್ ಗ್ಲಾಸ್ ಹಿಡಿದು ನಿಂತವರ ನಡುವೆ ಈ ಪಿಸುಮಾತಿನ ಸಂಗೀತ ಯಾರಿಗೆ ಕೇಳಿಸಬೇಕು? ಅದೇ ವರ್ಷ ಬ್ಯಾಂಡ್ ನಿಂತಿತು. ಇದನ್ನು ಮುಳುಗಿದ್ದು ಅಂತ ಕರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ವಿಷಯ. ಈ ಪ್ರಶ್ನೆ ಕಳಿಸಿದವರಲ್ಲಿ ಇಬ್ಬರು ಬಿಡದಿಯ ಕಡೆಯವರು. ನಿಮ್ಮ ಪಕ್ಕದ ಬೈರಮಂಗಲದಲ್ಲಿ ಇದೇ ಮೆಹರ್ ಬಾಬಾ ದೊಡ್ಡ ಆಧ್ಯಾತ್ಮಿಕ ಕೇಂದ್ರ ಕಟ್ಟಬೇಕೆಂದು 1939ರ ಡಿಸೆಂಬರ್‌ನಲ್ಲಿ ಅಡಿಗಲ್ಲು ಇಟ್ಟಿದ್ದರು. ಆ ಯೋಜನೆ ಮುಂದುವರಿಯಲಿಲ್ಲ. ಇವತ್ತು ಬೈರಮಂಗಲ ಅಂದರೆ ಜನಕ್ಕೆ ನೊರೆ ತುಂಬಿದ ಕೆರೆ ಮಾತ್ರ ನೆನಪಾಗುತ್ತದೆ. ‘ಯಾರೋ ಬಾಬಾ’ ಎಂದು ಬರೆಯುವ ಮೊದಲು ಊರಿನ ಹಿರಿಯರನ್ನು ಒಂದು ಮಾತು ಕೇಳಬಹುದಿತ್ತು.

ಪ್ರಶ್ನೆ: ಟಲ್ಲಿಯ ಒರಿಜಿನಲ್ ಎಲ್‌ಪಿ ಒಬ್ಬರು ಮಾರುತ್ತಿದ್ದಾರೆ, ಬೆಲೆ ಜಾಸ್ತಿ. ತಗೊಳ್ಳಲೇ? (ಬೆಂಗಳೂರು)

ಬೇಡ. ಫೋಟೋ ನೋಡಿ ದುಡ್ಡು ಕಳಿಸಬೇಡಿ. ನಾನೇ ಒಮ್ಮೆ ಹಾಗೆ ಕಳಿಸಿ ಕೆಟ್ಟಿದ್ದೇನೆ. ಬಂದ ಕವರ್ ನೋಡಲು ಹಳೇದೇ. ಕಿಟಕಿ ಹತ್ತಿರ ಹಿಡಿದಾಗ ಅಕ್ಷರದ ಅಂಚು ಮಸುಕು, ಚಿತ್ರದ ಮೇಲೆ ಸಣ್ಣ ಸಣ್ಣ ಚುಕ್ಕಿ. ಯಾವುದೋ ಕವರನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು. ಒಳಗಿನ ರೆಕಾರ್ಡಿನಲ್ಲಿ ಕೊನೆಯ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕೆತ್ತಿದ ನಂಬರ್ ಇರಬೇಕು. ಅದಕ್ಕೂ ಲೇಬಲ್ ಮೇಲಿನ ನಂಬರಿಗೂ ಸಂಬಂಧವೇ ಇರಲಿಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಆ ನಂಬರಿನ ಫೋಟೋ ಕೇಳಿ, ಕೊಡದಿದ್ದರೆ ಅಲ್ಲಿಗೇ ಬಿಡಿ. ‘ಹಳೇ ಎಲ್‌ಪಿಯಲ್ಲೇ ನಿಜವಾದ ಸೌಂಡ್’ ಎಂದು ತಲೆ ತಿನ್ನುವವರನ್ನು ಮೊದಲು ದೂರ ಇಡಿ. ಗೀರು ಬಿದ್ದ ರೆಕಾರ್ಡಿನಲ್ಲಿ ಇಷ್ಟು ಮೆಲ್ಲಗಿನ ಸಂಗೀತ ಕೇಳಿದರೆ ಚಟಪಟ ಸದ್ದೇ ಜಾಸ್ತಿ ಕೇಳಿಸುತ್ತದೆ. ಸಿಡ್ನಿ ಟೌನ್ ಹಾಲ್‌ನಲ್ಲಿ 1969–70ರಲ್ಲಿ ನುಡಿಸಿದ್ದರ ರೆಕಾರ್ಡಿಂಗ್ ಸಿಡಿಯಾಗಿ ಬಂದಿದೆ. ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ.

ಪ್ರಶ್ನೆ: ಆಮೇಲೆ ಅವರೆಲ್ಲ ಏನಾದರು? (ಮಂಗಳೂರು)

ಇಬ್ಬರದು ಹೇಳುತ್ತೇನೆ. ಲಾಕ್‌ವುಡ್ ‘ತಮಾಮ್ ಶುದ್’ ಬ್ಯಾಂಡ್ ಸೇರಿ 1972ರ ‘ಮಾರ್ನಿಂಗ್ ಆಫ್ ದಿ ಅರ್ತ್’ ಸಿನಿಮಾದ ಹಾಡುಗಳಿಗೆ ನುಡಿಸಿದರು. ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ‘ಮೂಗ್’ ಸಿಂಥಸೈಜರನ್ನು ಆಸ್ಟ್ರೇಲಿಯದ ರಾಕ್‌ನಲ್ಲಿ ಮುಟ್ಟಿದ ಮೊದಲಿಗರಲ್ಲಿ ಕಾರ್ಲೋಸ್ ಒಬ್ಬರು. ಮುಂದೆ ಸಿಡ್ನಿಯ ‘ಫೇರ್‌ಲೈಟ್’ ಕಂಪನಿಯಲ್ಲಿ ಕೆಲಸ ಮಾಡಿದರು. ಸದ್ದನ್ನು ಕಂಪ್ಯೂಟರಿಗೆ ತುಂಬಿಸಿ ಕೀಬೋರ್ಡಿನಲ್ಲಿ ನುಡಿಸುವ ಯಂತ್ರವನ್ನು 1979ರಲ್ಲಿ ತಂದದ್ದು ಆ ಕಂಪನಿಯೇ. ಎಂಬತ್ತರ ದಶಕದ ಎಷ್ಟೋ ಪಾಪ್ ಹಾಡುಗಳ ಸದ್ದು ಆ ಯಂತ್ರದಿಂದ ಬಂದದ್ದು.

ಪ್ರಶ್ನೆ: ಯಾವ ಆಲ್ಬಮ್ ಮೊದಲು ಕೇಳಲಿ? ಕಾರಿನಲ್ಲಿ ಕೇಳಬಹುದಾ? (ಶಿವಮೊಗ್ಗ)

‘ಸೀ ಆಫ್ ಜಾಯ್’. ಕಾರಿನಲ್ಲಿ ಬೇಡ. ರಾತ್ರಿ ಊಟ ಆದ ಮೇಲೆ, ಫ್ಯಾನ್ ಆಫ್ ಮಾಡಿ ಕೇಳಿ.