ಕಣದಲ್ಲಿ ನೆನೆದ ಕಾಫಿಗೆ ಇನ್ಶೂರೆನ್ಸ್ ದುಡ್ಡು ಬರುತ್ತಾ?

ನೀವು ಕೇಳಿರುವುದು ಇಷ್ಟು: ಮೂಡಿಗೆರೆ ಹತ್ತಿರ ಬೆಳೆಗಾರರಿಂದ ಕಾಫಿ ಹಣ್ಣು ಕೊಂಡು, ಒಣಗಿಸಿ ಮಾರುವ ಸಣ್ಣ ವ್ಯವಹಾರ ಶುರು ಮಾಡ್ತಿದ್ದೀರಿ. ಚಳಿಗಾಲದಲ್ಲಿ ಬರುವ ಅಕಾಲಿಕ ಮಳೆಗೆ ಒಂದು ಇನ್ಶೂರೆನ್ಸ್ ಮಾಡಿಸಿದರೆ ಸಾಕಾ?

ಸಾಕಾಗಲ್ಲ. ಆಲ್ದೂರು ಕಡೆ ನಾನೂ ಇದೇ ಕೆಲಸ ಮಾಡುವವನು, ಅದಕ್ಕೇ ಖಂಡಿತವಾಗಿ ಹೇಳ್ತಿದ್ದೇನೆ. ಕಣದಲ್ಲಿ ಹರಡಿದ ಹಣ್ಣು ಮಳೆಗೆ ನೆನೆದು ಕೊಳೆತರೆ ಸಾಮಾನ್ಯ ಪಾಲಿಸಿಯಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಪಾಲಿಸಿಯಲ್ಲಿ ಇರುವುದು ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತ ಇಂಥವು. ಸುಮ್ನೆ ಮೂರು ದಿನ ಜಿಟಿಜಿಟಿ ಸುರಿದ ಮಳೆ ಆ ಪಟ್ಟಿಯಲ್ಲಿಲ್ಲ. ಜೊತೆಗೆ, ಬಯಲಲ್ಲಿಟ್ಟ ಮಾಲನ್ನು ಬೇರೆಯಾಗಿ ಬರೆಸದಿದ್ದರೆ ಅದು ಲೆಕ್ಕಕ್ಕೇ ಬರಲ್ಲ. ಬೆಳೆ ವಿಮೆ ಇದೆಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಬೆಳೆಗಾರರಿಗೆ, ವ್ಯಾಪಾರಿಗಲ್ಲ.

ಹಾಗಾಗಿ ಕಣವನ್ನು ನೀವೇ ಕಾಯಬೇಕು, ಗೋಡೌನ್‌ಗೆ ಇನ್ಶೂರೆನ್ಸ್ ಮಾಡಿಸಬೇಕು.

ನಮ್ಮಲ್ಲಿ ಅರೇಬಿಕಾ ತಳಿಯ ಕಾಫಿ ಕುಯ್ಲು ನವೆಂಬರ್‌ನಿಂದ ಜನವರಿವರೆಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏಳುವ ಕಾಲವೂ ಅದೇ. 2021ರ ನವೆಂಬರ್ ಮಳೆಗೆ ಗಿಡದಲ್ಲೇ ಹಣ್ಣು ಒಡೆದು ಉದುರಿತ್ತು. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು, ಡಿಸೆಂಬರ್ ಮೊದಲ ವಾರ ಇಲ್ಲಿ ಕಣಗಳೆಲ್ಲ ಒದ್ದೆ. ಪುಣ್ಯಕ್ಕೆ ಇಂಥ ಮಳೆಯ ಸುಳಿವು ಒಂದೆರಡು ದಿನ ಮೊದಲೇ ಸಿಗುತ್ತೆ. ಹವಾಮಾನ ಇಲಾಖೆಯ ಮುನ್ಸೂಚನೆ ದಿನಾ ನೋಡಿ. ಮಳೆ ಅಂತ ಗೊತ್ತಾದ ಮೇಲೆ ಹೊಸ ಹಣ್ಣು ಕೊಳ್ಳಬೇಡಿ, ಎಷ್ಟು ಅಗ್ಗಕ್ಕೆ ಬಂದರೂ! ಆಗ ಅಗ್ಗಕ್ಕೆ ಕೊಡುವವರೂ ಮುನ್ಸೂಚನೆ ನೋಡಿಯೇ ಕೊಡ್ತಿರ್ತಾರೆ.

ಟಾರ್ಪಾಲ್ ಇದ್ದರೆ ಆಯ್ತು ಅನ್ನೋದು ಅರ್ಧ ಸತ್ಯ. ಹಸಿ ಹಣ್ಣನ್ನು ರಾಶಿ ಹಾಕಿ ಟಾರ್ಪಾಲ್ ಮುಚ್ಚಿ ಒಂದು ರಾತ್ರಿ ಬಿಟ್ಟರೆ, ಬೆಳಗ್ಗೆ ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗಿರುತ್ತೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತೆ. ಟಾರ್ಪಾಲ್‌ನ ಒಳಮೈಯಿಂದಲೇ ನೀರು ತೊಟ್ಟಿಕ್ಕುತ್ತಿರುತ್ತೆ. ಮಳೆ ಬಿಟ್ಟಾಗಲೆಲ್ಲ ತೆಗೆದು, ಕೈಯಾಡಿಸಿ, ಗಾಳಿ ಬಿಡಬೇಕು. ಅರ್ಧ ಒಣಗಿದ್ದನ್ನೂ ಹಸಿಯನ್ನೂ ಯಾವತ್ತೂ ಒಂದೇ ರಾಶಿಗೆ ಸೇರಿಸಬೇಡಿ. ಕಣಕ್ಕೆ ಸ್ವಲ್ಪ ಇಳಿಜಾರು, ಸುತ್ತ ಚರಂಡಿ ಇರಲಿ. ದುಡ್ಡಿದ್ದರೆ ಮೊದಲು ಪಾಲಿಥೀನ್ ಹೊದಿಸಿದ ಒಂದು ಶೆಡ್ ಮಾಡಿಸಿ. ಡ್ರೈಯರ್ ಆಮೇಲೆ ನೋಡಿಕೊಳ್ಳಬಹುದು, ಅಕ್ಕಪಕ್ಕದ ಎಸ್ಟೇಟಿನಲ್ಲಿ ಬಾಡಿಗೆಗೆ ಕೊಡ್ತಾರಾ ಅಂತ ಕುಯ್ಲಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ. ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಮಾತ್ರ ಬೇಕೇ ಬೇಕು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸುವ ಕಾಫಿ) ತೇವಾಂಶ ಶೇ. 10ಕ್ಕೆ ಇಳಿಯುವ ತನಕ ಚೀಲಕ್ಕೆ ತುಂಬಬೇಡಿ.

ಇನ್ನು ಇನ್ಶೂರೆನ್ಸ್. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಇದ್ದರೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅನ್ನುವ ಪಾಲಿಸಿ ಇದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರಲ್ಲಿ ಜನ ಎಡವುವುದು ಮೊತ್ತದ ವಿಷಯದಲ್ಲಿ. 2021ಕ್ಕೂ 2024ಕ್ಕೂ ನಡುವೆ ರೊಬಸ್ಟಾ ತಳಿಯ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಬೆಲೆ ಎರಡು ಪಟ್ಟು ದಾಟಿತು, ಆದರೆ ಎಷ್ಟೋ ಜನ ಹಳೇ ಮೊತ್ತಕ್ಕೇ ರಿನ್ಯೂ ಮಾಡ್ತಾ ಬಂದರು. 20 ಲಕ್ಷದ ಮಾಲಿಟ್ಟು 10 ಲಕ್ಷಕ್ಕೆ ಪಾಲಿಸಿ ಮಾಡಿಸಿದರೆ, 4 ಲಕ್ಷ ನಷ್ಟಕ್ಕೆ ಸಿಗುವುದು ಸುಮಾರು 2 ಲಕ್ಷ ಮಾತ್ರ. ಈ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆ ಇದ್ದರೆ ಮನ್ನಾ, ಅದಕ್ಕಿಂತ ಜಾಸ್ತಿ ಆದರೆ ಕಡಿತ. ಆದ್ದರಿಂದ ಸೀಸನ್‌ನಲ್ಲಿ ಗೋಡೌನ್ ತುಂಬಿದಾಗ ಎಷ್ಟಾಗುತ್ತೋ ಆ ಮೊತ್ತಕ್ಕೆ ಮಾಡಿಸಿ.

ಗಾಳಿಗೆ ಶೀಟು ಹಾರಿ ಮಾಲು ನೆನೆದರೆ ಕ್ಲೇಮ್ ಆಗುತ್ತೆ. ಹಳೇ ಹಂಚು ಸೋರಿ ಚೀಲ ಬೂಷ್ಟು ಹಿಡಿದರೆ ಆಗಲ್ಲ. ಗೋಡೌನ್ ಎರಡು ಕಡೆ ಇದ್ದರೆ ಎರಡೂ ವಿಳಾಸ ಪಾಲಿಸಿಯಲ್ಲಿ ಇರಬೇಕು. ಬ್ಯಾಂಕ್ ಸಾಲ ಇದ್ದು ಬ್ಯಾಂಕಿನವರೇ ಪಾಲಿಸಿ ಮಾಡಿಸಿದ್ದರೆ ಕಾಪಿ ಕೇಳಿ ಓದಿ, ವಿಳಾಸ ಸರಿ ಇದೆಯಾ ನೋಡಿ. ವ್ಯಾಪಾರ ನಿಂತ ದಿನಗಳ ಲಾಭಕ್ಕೆ ಈ ಪಾಲಿಸಿ ದುಡ್ಡು ಕೊಡಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಸಣ್ಣ ವ್ಯವಹಾರಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ನಷ್ಟ ಆದ ದಿನವೇ ಕಂಪನಿಗೆ ತಿಳಿಸಿ, ಫೋಟೋ ವಿಡಿಯೋ ತೆಗೆಯಿರಿ. ನಷ್ಟ ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ತನಕ ಹಾಳಾದ ಮಾಲು ಎಸೆಯಬೇಡಿ, ಒಳ್ಳೇದನ್ನು ಮಾತ್ರ ಬೇರೆ ಮಾಡಿಡಿ. ಸರ್ವೇಯರ್ ಮೊದಲು ಕೇಳುವುದೇ ಸ್ಟಾಕ್ ಪುಸ್ತಕ. ಹಣ್ಣು ಕೊಂಡ ಪ್ರತಿ ದಿನ ತೂಕ, ದರ, ಯಾರಿಂದ ಅಂತ ಬರೆದು ವೋಚರ್‌ಗೆ ಸಹಿ ಹಾಕಿಸಿಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆ ದೂರುಗಳನ್ನು ಬಗೆಹರಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ.