ಅಕ್ಟೋಬರ್ ಪೂರ್ತಿ ಕಡಲತೀರ ಸುತ್ತಿದರೂ ಹಕ್ಕಿ ಸಿಗಲಿಲ್ಲ, ತಪ್ಪು ನನ್ನದೇ?

ಮಡಿಕೇರಿಯಿಂದ ನಾಲ್ಕು ಸಲ ಘಟ್ಟ ಇಳಿದು ಹೋದರೂ ಕಾಗೆ, ಗರುಡ ಬಿಟ್ಟು ಬೇರೇನೂ ಕಾಣಲಿಲ್ಲ, ಇದು ವಲಸೆ ಹಕ್ಕಿ ಬರುವ ತಿಂಗಳಲ್ಲವೇ, ಈ ಹವ್ಯಾಸ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಆದರೆ ತಪ್ಪು ಸ್ವಲ್ಪ ನಿಮ್ಮದೂ ಇರಬಹುದು. ಕಳೆದ ವರ್ಷ ಇದೇ ತಿಂಗಳು ನಾನೂ ಹೀಗೇ ಬರಿಗೈಲಿ ಬಂದವನು.

ನನ್ನ ಮನೆ ವಿರಾಜಪೇಟೆ ಹತ್ತಿರ. ಮಾಕುಟ್ಟ ಘಾಟಿ ಇಳಿದು ಕೇರಳದ ಇರಿಟ್ಟಿ ದಾಟಿದರೆ ಸಮುದ್ರಕ್ಕೆ ಸುಮಾರು 80 ಕಿಲೋಮೀಟರ್. ಹಾಗಾಗಿ ಕಣ್ಣೂರು ಹತ್ತಿರದ ಮುಳಪ್ಪಿಲಂಗಾಡ್ ಬೀಚನ್ನೇ ನನ್ನ ಖಾಯಂ ಜಾಗ ಮಾಡಿಕೊಂಡು, ಅಕ್ಟೋಬರಿನ ಎಲ್ಲ ಭಾನುವಾರ ಅಲ್ಲೇ ಎಂದು ತೀರ್ಮಾನಿಸಿದೆ. ಮನೆಯಲ್ಲಿ ನಕ್ಕರು. ತೋಟದಲ್ಲಿ ಹಕ್ಕಿ ಇಲ್ಲವಾ ಎಂದರು.

ಮೊದಲ ಭಾನುವಾರ ಕತ್ತಲಲ್ಲೇ ಹೊರಟು ಎಂಟೂವರೆಗೆ ತಲುಪಿದೆ. ಅಲೆ ಮೇಲಿನ ತನಕ ಬಂದಿತ್ತು, ಮರಳು ಎಂದರೆ ಒಂದು ಪಟ್ಟಿ ಅಷ್ಟೇ. ಎರಡು ಗಂಟೆ ಕೂತು ನೋಡಿದ್ದು ಒಂದು ಗರುಡ, ಕಾಗೆಗಳು, ದೂರದಲ್ಲಿ ಹಾರಿಹೋದ ಎರಡು ರೀವಗಳು (ಟರ್ನ್). ಎರಡನೇ ಭಾನುವಾರ ಘಾಟಿಯಲ್ಲಿ ಮರ ಬಿದ್ದಿತ್ತು, ಅರ್ಧ ದಾರಿಯಿಂದಲೇ ವಾಪಸ್. ಮೂರನೆಯದು ಚಂಗ್ರಾಂದಿಯ, ಅಂದರೆ ಕಾವೇರಿ ಸಂಕ್ರಮಣದ ಮರುದಿನ, ಮನೆ ತುಂಬ ನೆಂಟರು. ಎಲ್ಲರ ಕಣ್ಣು ತಪ್ಪಿಸಿ ಹೋದೆ. ಮತ್ತೆ ಅದೇ ತುಂಬಿದ ನೀರು, ಅದೇ ಕಾಗೆ.

ಅಂದು ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ನನ್ನ ಬೈನಾಕ್ಯುಲರ್ ನೋಡಿ, ಮಲಯಾಳ ಬೆರೆತ ಕನ್ನಡದಲ್ಲಿ, ನೀರು ಏರಿರುವಾಗ ಬಂದರೆ ಹಕ್ಕಿ ಎಲ್ಲಿ ಕಾಲಿಡಬೇಕು ಎಂದು ಕೇಳಿದರು. ಎದುರಿನ ಧರ್ಮಡಂ ದ್ವೀಪ ತೋರಿಸಿ, ಇಳಿತವಿದ್ದರೆ ಅಲ್ಲಿಗೆ ನಡೆದೇ ಹೋಗಬಹುದು ಎಂದರು. ಆಗ ಅದರ ಸುತ್ತ ನೀರೇ ನೀರು. ಕಾವೇರಿ ತುಂಬಿದರೆ ನಾಲ್ಕು ದಿನ ತುಂಬಿರುತ್ತದೆ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರಿನ ಲೆಕ್ಕ ಘಟ್ಟದ ಮೇಲಿನವರಾದ ನಮಗೆ ಎಲ್ಲಿ ಗೊತ್ತು?

ಲೆಕ್ಕ ಕಷ್ಟವಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಭಾನುವಾರ ಎಂಟೂವರೆಗೆ ಉಬ್ಬರ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿತ, ಅದರ ಮುಂದಿನ ವಾರ ಮತ್ತೆ ಉಬ್ಬರ. ನನಗೆ ಬೇಕಾಗಿದ್ದ ಭಾನುವಾರ ಮರ ಬಿದ್ದ ಭಾನುವಾರವೇ! ಇಳಿತದಲ್ಲಿ ಒದ್ದೆ ಮರಳು, ಕೆಸರು ತೆರೆದುಕೊಂಡಾಗ ಪ್ಲವರ್, ಗೊರವಗಳಂಥ (ಸ್ಯಾಂಡ್‌ಪೈಪರ್) ದಡದ ಹಕ್ಕಿಗಳು ಹುಳು ಹೆಕ್ಕಲು ಹರಡುತ್ತವೆ. ನೀರೇರಿದರೆ ಎಲ್ಲೋ ಒಂದು ಎತ್ತರದ ಜಾಗದಲ್ಲಿ ಗುಂಪಾಗಿ ಸುಮ್ಮನೆ ನಿಂತಿರುತ್ತವೆ.

ನಾಲ್ಕನೇ ಭಾನುವಾರ ಇಳಿತ ಸಿಕ್ಕಿತು. ಆದರೆ ಮುಳಪ್ಪಿಲಂಗಾಡ್ ಮರಳ ಮೇಲೆ ಕಾರು ಓಡಿಸಬಹುದಾದ ಬೀಚು, ಸುಮಾರು 4 ಕಿಲೋಮೀಟರ್ ಉದ್ದಕ್ಕೂ. ನೀರು ಇಳಿದಷ್ಟೂ ಕಾರಿಗೆ ಜಾಗ ಜಾಸ್ತಿ. ತುದಿಯಲ್ಲಿ ಮೂರು ಸ್ಯಾಂಡ್ ಪ್ಲವರ್ ಓಡಾಡುತ್ತಿದ್ದವು, ಟಿಬೆಟ್ ಪ್ರಸ್ಥಭೂಮಿಯ ಕಡೆ ಮರಿ ಮಾಡಿ ಇಳಿದು ಬಂದವು. ಫೋಕಸ್ ಮಾಡುವಷ್ಟರಲ್ಲಿ ಯಾರದೋ ನಾಯಿ ಅಟ್ಟಿಸಿತು. ಕಡಲಕ್ಕಿಗಳಂತೂ (ಗಲ್) ಒಂದೂ ಇಲ್ಲ. ಅವು ದಂಡಾಗಿ ಸೇರುವುದು ನವೆಂಬರ್ ದಾಟಿದ ಮೇಲೆ, ಅಕ್ಟೋಬರಿನಲ್ಲಿ ಕಾದರೆ ಹೊಟ್ಟೆಯುರಿ ಅಷ್ಟೇ.

ಇನ್ನೂ ನಾಚಿಕೆಯ ವಿಷಯ ಹೇಳಲೇ? ಅದೇ ತಿಂಗಳು ಮನೆ ಕಣದಲ್ಲಿ ದಿನಾ ಬೆಳಿಗ್ಗೆ ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್) ಬಾಲ ಕುಣಿಸುತ್ತಿತ್ತು, ಸಿಲ್ವರ್ ಓಕ್ ಮರದ ತುದಿಯಲ್ಲಿ ಹಸಿರು ಉಲಿಯಕ್ಕಿ (ಗ್ರೀನಿಷ್ ವಾರ್ಬ್ಲರ್) ಕೂಗುತ್ತಿತ್ತು. ಎರಡೂ ಹಿಮಾಲಯ, ಅದರಾಚೆಯ ವಲಸಿಗರೇ. ನಾನು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಆದರೆ ಗದ್ದೆಯನ್ನು ನಂಬಿ ಕೂರಬೇಡಿ. ಅಕ್ಟೋಬರಿನಲ್ಲಿ ಭತ್ತ ಎದ್ದು ನಿಂತಿರುತ್ತದೆ, ಗೊರವಗಳಿಗೆ ಕೆಸರು ಕಾಣುವುದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದು ಕೊಯ್ಲಾದ ಮೇಲೆ. ಹಾರಂಗಿ ಹಿನ್ನೀರೂ ಅಷ್ಟೇ, ಮಳೆಗಾಲ ಮುಗಿದ ತಿಂಗಳಲ್ಲಿ ತುಂಬಿರುವುದರಿಂದ ಕೆಸರಿನ ಅಂಚೇ ಇರುವುದಿಲ್ಲ.

ಖಾಲಿ ದಿನದ ಪಟ್ಟಿಯನ್ನೂ ಈಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣಕ್ಕೆ ಹಾಕಿ. ಹಕ್ಕಿ ಇರಲಿಲ್ಲ ಎನ್ನುವುದೂ ಅವರಿಗೆ ಲೆಕ್ಕಕ್ಕೆ ಬರುತ್ತದೆ.

ಮುಂದಿನ ಸಲ ಹೊರಡುವ ಮುಂಚೆ ಕಣ್ಣೂರಿನ ಉಬ್ಬರ-ಇಳಿತದ ಸಮಯ ಮೊಬೈಲಿನಲ್ಲಿ ನೋಡಿ, ಇಳಿತಕ್ಕೆ ಒಂದು ಗಂಟೆ ಮುಂಚೆ ತಲುಪುವಂತೆ ಹೋಗಿ. ಭಾನುವಾರ ಬಿಟ್ಟು ಬೇರೆ ದಿನವಾದರೆ ಇನ್ನೂ ಒಳ್ಳೆಯದು. ನಾನು ಈ ಸಲ ಬುಧವಾರ ರಜೆ ಹಾಕಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.