ಎಡಗೈ ಬೇಟೆಗಾರರು ಮತ್ತು ಬಟ್ಟೆಯ ಗೋಡೆ

(18ನೇ ಶತಮಾನದ ಜರ್ಮನ್ ಚಿತ್ರಕಾರ ಯೋಹಾನ್ ಎಲಿಯಾಸ್ ರೀಡಿಂಗರ್‌ನ ಜಿಂಕೆ ಬೇಟೆಯ ಪ್ರಿಂಟೊಂದನ್ನು, ಅಂದರೆ ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರವನ್ನು, ಕೊಳ್ಳಹೊರಟ ಓದುಗರು ಕೇಳಿದ್ದಾರೆ: ಅದರಲ್ಲಿ ಎಲ್ಲರ ಕತ್ತಿಯೂ ಬಲ ಸೊಂಟದಲ್ಲಿದೆ, ಕೋವಿ ಎಡ ಹೆಗಲಿಗಿದೆ, ಇದು ನಕಲಿಯೇ? ಒಂದೇ ಇಂಕಿನಲ್ಲಿ ಹಿಂದಿನ ಕಾಡು ಮಾತ್ರ ಮಸುಕಾಗಿ ಬಂದದ್ದು ಹೇಗೆ? ಜಿಂಕೆಗಳ ಹಿಂದಿರುವುದು ಯಾವ ಗೋಡೆ?)

ಕತ್ತಿಯೊಂದನ್ನೇ ನೋಡಿ ನಕಲಿ ಎನ್ನಲಾಗದು. ತಾಮ್ರದ ತಗಡಿನ ಮೇಲೆ ಗೀರಿದ್ದು ಕಾಗದದಲ್ಲಿ ಎಡಬಲ ಮಗುಚಿ ಬೀಳುತ್ತದೆ. ಅದಕ್ಕೇ ಕೆಲವರು ಚಿತ್ರವನ್ನು ಮೊದಲೇ ತಿರುಗಿಸಿ ಬರೆದುಕೊಳ್ಳುತ್ತಿದ್ದರು, ಕೆಲವರು ಬಿಟ್ಟುಬಿಡುತ್ತಿದ್ದರು. ಆದರೆ ಅಚ್ಚಾದ ಪ್ರಿಂಟನ್ನೇ ಎದುರಿಗಿಟ್ಟುಕೊಂಡು ಬೇರೆಯವರು ಹೊಸ ತಗಡು ಮಾಡಿದರೂ ದೃಶ್ಯ ಮಗುಚುತ್ತದೆ. ಮ್ಯೂಸಿಯಂ ಪ್ರತಿಯೊಂದಿಗೆ ಹೋಲಿಸಿ. ಅಲ್ಲಿ ಕತ್ತಿ ಎಡಕ್ಕಿದ್ದರೆ ನಿಮಗೆ ತೋರಿಸಿದ್ದು ರೀಡಿಂಗರ್‌ನ ತಗಡಿನದಲ್ಲ.

ಕಾಡು ಮಸುಕಾಗಿರುವುದು ಆಮ್ಲದ ಕೆಲಸ. ಬಿಸಿ ಮಾಡಿದ ತಗಡಿಗೆ ಜೇನುಮೇಣ, ಆಸ್ಫಾಲ್ಟ್, ರಾಳ ಬೆರೆಸಿದ ಲೇಪನ ಹಚ್ಚಿ, ಮೇಣದಬತ್ತಿಯ ಹೊಗೆಯಲ್ಲಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಚಿತ್ರ ಗೀರುವ ಸೂಜಿ ಲೇಪನವನ್ನಷ್ಟೇ ಬಿಡಿಸುತ್ತದೆ. ತಾಮ್ರವನ್ನು ತಿನ್ನುವುದು ಆಮ್ಲ. ಅಂಚಿಗೆ ಮೇಣದ ಕಟ್ಟೆ ಕಟ್ಟಿ ಆಮ್ಲ ಸುರಿದು, ದೂರದ ಮರಗಳು ಸ್ವಲ್ಪ ಕೊರೆದೊಡನೆ ಅದನ್ನು ಬಸಿದು, ತಗಡು ತೊಳೆದು ಒಣಗಿಸಿ, ಅಷ್ಟು ಭಾಗಕ್ಕೆ ವಾರ್ನಿಷ್ ಬಳಿಯುತ್ತಾರೆ. ಮತ್ತೆ ಆಮ್ಲ. ಹೀಗೆ ಮುಂಭಾಗದ ಜಿಂಕೆಗೆ ಹೆಚ್ಚು ಹೊತ್ತು ಸಿಗುತ್ತದೆ. ಗೀರು ಆಳವಾದಷ್ಟೂ ಇಂಕು ಹೆಚ್ಚು ನಿಲ್ಲುತ್ತದೆ. ಆಮೇಲೆ ಬ್ಯೂರಿನ್ ಎಂಬ ಉಳಿಯಿಂದ ತಿದ್ದುವುದೂ ಇದೆ. ತಗಡಿನಲ್ಲಿ ಜಿಡ್ಡು ಉಳಿದಿದ್ದರೆ ಲೇಪನ ಎದ್ದು, ಆಕಾಶದ ತುಂಬ ಚುಕ್ಕಿ. ಒತ್ತೊತ್ತಾದ ಗೀರುಗಳನ್ನು ಅತಿಯಾಗಿ ಕೊರೆಯಬಿಟ್ಟರೆ ನಡುವಿನ ತಾಮ್ರ ಕುಸಿದು ಅಗಲವಾದ ಹಳ್ಳವಾಗುತ್ತದೆ. ಅಚ್ಚೊತ್ತುವ ಮುನ್ನ ಇಂಕು ಹಚ್ಚಿದ ತಗಡನ್ನು ಒರೆಸುವಾಗ ಅಲ್ಲಿನ ಇಂಕೂ ಹೋಗುತ್ತದೆ. ಜಿಂಕೆಯ ಹೊಟ್ಟೆಯಡಿಯ ನೆರಳು ಕಪ್ಪಾಗುವ ಬದಲು ಬೂದಿ ಬಣ್ಣದ ಮಚ್ಚೆಯಾಗಿ ಕಾಣುವುದು ಇದರಿಂದಲೂ ಇರಬಹುದು.

ಹಿಂದಿನದು ಗೋಡೆಯಲ್ಲ, ಗೂಟಗಳಿಗೆ ಬಿಗಿದ ಬಟ್ಟೆ. ಜರ್ಮನ್ ಅರಸರ ಒಂದು ಬಗೆಯ ಬೇಟೆಯಲ್ಲಿ ಜಿಂಕೆಗಳನ್ನು ಬಟ್ಟೆಯ ಆವರಣದೊಳಕ್ಕೆ ಅಟ್ಟಿ, ಮಂಟಪದಲ್ಲಿ ನಿಂತು ಗುಂಡು ಹಾರಿಸುತ್ತಿದ್ದರು. ಇದನ್ನು ಬೇಟೆ ಎನ್ನಲು ಮನಸ್ಸೊಪ್ಪುವುದಿಲ್ಲ. ನಾಯಿಗಳ ಹಿಂಡಿನೊಂದಿಗೆ ಕುದುರೆಯೇರಿ ಒಂದೇ ಜಿಂಕೆಯನ್ನು ದಣಿಸುವ ಫ್ರೆಂಚ್ ಮಾದರಿ ಬೇರೆ. ರೀಡಿಂಗರ್ ಅದನ್ನೂ 1756ರಲ್ಲಿ 16 ಚಿತ್ರಗಳ ಸರಣಿಯಾಗಿ ತಂದ.

ಕೊಳ್ಳುವ ಮುನ್ನ ಕಾಗದವನ್ನು ಬೆಳಕಿಗೆ ಹಿಡಿಯಿರಿ. ಕಾಗದ ಮಾಡುವ ಅಚ್ಚಿನ ಜಾಲರಿ ಬಿಡುವ ಗೆರೆಗಳಿಲ್ಲದ ನಯವಾದ ಕಾಗದವಾದರೆ ಬಹುಮಟ್ಟಿಗೆ ಅದು 1767ರಲ್ಲಿ ಅವನು ತೀರಿಕೊಂಡ ಮೇಲೆ ಹಾಕಿದ ಅಚ್ಚು. ಭೂತಗನ್ನಡಿಯಲ್ಲಿ ಚುಕ್ಕಿಗಳ ಜಾಲ ಕಂಡರೆ ಆಧುನಿಕ ಯಂತ್ರಮುದ್ರಣ, ಹಿಂದಿರುಗಿಸಿ. ತಗಡಿನ ಅಂಚು ಕಾಗದದಲ್ಲಿ ಮೂಡಿಸುವ ಒತ್ತುಗುರುತು ಸೇರಿ ಅಂಚನ್ನೆಲ್ಲ ಕತ್ತರಿಸಿದ ಪ್ರತಿಗೆ ಪೂರ್ತಿ ಬೆಲೆ ಕೊಡಬೇಡಿ.

– ಸಂ.